ಸಿರುಗುಪ್ಪದ ಹಳೇ ಕಣ್ಣು

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದ ಉಚ್ಚಂಗೆಪ್ಪನ ಕಿವಿಯೆಲ್ಲ ಪಕ್ಕದ ಗಂಡಹೆಂಡಿರ ಮೇಲಿತ್ತು. ಗಂಡ ಕುರುಗೋಡಿನಲ್ಲಿ ಫೋಟೋ ಅಂಗಡಿ ಇಡಲು ಹೊರಟವನು. ಆಗಷ್ಟೇ ಕೊಂಡ ಕ್ಯಾಮೆರಾದ ಮರದ ಡಬ್ಬಿ ಅವನ ತೊಡೆಯ ಮೇಲಿತ್ತು. ಲೆನ್ಸು ಇನ್ನೂ ಆಗಬೇಕಿತ್ತು.

“ಡಬ್ಬಿಗೇ ಕೈ ಖಾಲಿ ಆತು, ಊರಮ್ಮ. ಹೊಸಾ ಲೆನ್ಸು ಎಟಕಂಗಿಲ್ಲ.”

“ಸಿರುಗುಪ್ಪದ ಫೋಟೋ ಅಂಗಡಿ ಚಿದಾನಂದಪ್ಪ ತನ್ನ ಹಳೇದು ಅಗ್ಗಕ್ಕ ಕೊಡ್ತಾನಂತಲ್ರಿ?”

“ಅವಂದು ಬ್ಯಾಡ.”

“ಯಾಕ್ರಿ, ಗೆರಿ ಬಿದ್ದೈತೇನು?”

“ಲಗ್ನಕ್ಕ ಮುಂಚೆ ನಿನ್ನ ಫೋಟೋ ತಗದಿದ್ದು ಅದ ಲೆನ್ಸು. ನನಗಿಂತ ಮೊದ್ಲು ನಿನ್ನ ನೋಡಿದ ಕಣ್ಣು ನನ್ನ ಡಬ್ಬ್ಯಾಗ ಬ್ಯಾಡ.”

ಊರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

“ಅಯ್ಯ, ಆ ಕಣ್ಣಿಗೆ ನಾನು ಕಾಲು ಮ್ಯಾಲ, ತಲಿ ಕೆಳಗ ಕಂಡೀನ್ರಿ. ನೆಟ್ಟಗ ನೋಡಿದವ್ರು ನೀವ ಮೊದ್ಲು.”

ಗಂಡನ ಮುಖ ಅರಳಿತು. ಅಷ್ಟರಲ್ಲಿ ಕುರುಗೋಡಿನ ಬಸ್ಸು ಬಂತು. ಡಬ್ಬಿ ಅವುಚಿಕೊಂಡು ಮೆಟ್ಟಿಲಿಗೆ ಕಾಲಿಟ್ಟವನು ಹಾಗೇ ನಿಂತ.

“ಅಲ್ಲಾ, ತಲಿಕೆಳಗ ಕಾಣೋದು ಕ್ಯಾಮೆರಾದ ಹಿಂದ ಕರೇ ಬಟ್ಟಿಯೊಳಗ ತಲಿ ಹಾಕಿ ನೋಡಿದವ್ರಿಗಷ್ಟ. ನಿನಗ್ಹೆಂಗ ಗೊತ್ತಾತು?”

ಊರಮ್ಮನ ನಗು ಸೆರಗಿನೊಳಗೇ ನಿಂತಿತು.

ಅವಳ ಉತ್ತರ ಕೇಳಲು ತಾನೂ ಕುರುಗೋಡಿಗೇ ಟಿಕೀಟು ತೆಗೆಯೋಣವೇ ಎಂದು ಉಚ್ಚಂಗೆಪ್ಪ ಅರ್ಧ ಎದ್ದ. ಅಷ್ಟರಲ್ಲಿ ಇಬ್ಬರನ್ನೂ ಹತ್ತಿಸಿಕೊಂಡು ಬಸ್ಸು ಹೊರಟೇಹೋಯಿತು.