ಬಾಗಿಲ ತನಕ ಬಂದು ಹೊಳ್ಳಿಹೋದ ಮಾತು

ಸಿಟ್ಟಿನ ಮಾತು ಬಂತಲ್ಲ, ಒಂದು ಕಥೆ ಕೇಳಿ. ಗದಗಿನ ಕಡೆ ಒಬ್ಬ ಸಾಹುಕಾರನಿದ್ದ, ಶಿವಯೋಗಪ್ಪ ಅಂತ. ಕೆಟ್ಟವನಲ್ಲ. ಕೆಲಸದವರ ಮನೆಯಲ್ಲಿ ಮದುವೆಯಾದರೆ ಅಕ್ಕಿ ಮೂಟೆ ಕಳಿಸುತ್ತಿದ್ದ, ಯಾರಾದರೂ ಆಸ್ಪತ್ರೆ ಸೇರಿದರೆ ತಾನೇ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಅವನ ಕಾರ್ಖಾನೆಯಲ್ಲಿ ಒಂದು ಪೇಸ್ಟ್ ತಯಾರಾಗುತ್ತಿತ್ತು. ನೋಡಿ, ಕಂಪ್ಯೂಟರಿನೊಳಗೆ ಪ್ರೊಸೆಸರ್ ಅಂತ ಇರುತ್ತದೆ, ಅದರ ಮಿದುಳು. ದುಡಿದಷ್ಟೂ ಕಾಯುತ್ತದೆ. ಆ ಶಾಖ ಎಳೆದುಕೊಳ್ಳಲು ಮೇಲೊಂದು ಲೋಹದ ತುಂಡು ಕೂರಿಸುತ್ತಾರೆ. ಎರಡರ ನಡುವೆ ಕಣ್ಣಿಗೆ ಕಾಣದ ಸಂದುಗಳು. ಆ ಸಂದು ತುಂಬಿ ಶಾಖ ದಾಟಿಸುವುದೇ ಪೇಸ್ಟಿನ ಕೆಲಸ. ಶಿವಯೋಗಪ್ಪ ಗ್ರಾಫೀನ್ ಎಂಬ ಹೊಸ ವಸ್ತು ಬೆರೆಸಿ, ಬೇರೆಯವರದಕ್ಕಿಂತ ಬೇಗ ಶಾಖ ದಾಟಿಸುವ ಪೇಸ್ಟ್ ಮಾಡಿದ. ಆಸ್ಪತ್ರೆಯ ಯಂತ್ರಗಳಿಗೂ ಅದು ಹೋಯಿತು.

ಒಂದು ಮಧ್ಯಾಹ್ನ ಫೋನ್ ಬಂತು. ಒಬ್ಬ ಮುದುಕಿಯ ಎದೆಬಡಿತ ತೋರಿಸುತ್ತಿದ್ದ ಕಂಪ್ಯೂಟರ್ ಬಿಸಿಯೇರಿ ನಿಂತುಹೋಗಿತ್ತು. ಪುಣ್ಯಕ್ಕೆ ನರ್ಸ್ ಪಕ್ಕದಲ್ಲೇ ಇದ್ದಳು, ಮುದುಕಿ ಉಳಿದಳು. ಶಿವಯೋಗಪ್ಪ ಓಡಿಹೋಗಿ ಯಂತ್ರ ಬಿಚ್ಚಿಸಿ ನೋಡಿದ. ಪೇಸ್ಟ್ ಒಣಗಿ, ಸೀಳು ಬಿಟ್ಟು, ಹಕ್ಕಳೆಯಂತೆ ಎದ್ದು ಬಂತು.

ತಿರುಗಿ ಬಂದವನೇ ಪೇಸ್ಟ್ ಪರೀಕ್ಷಿಸುವ ದಾಕ್ಷಾಯಣಿಯ ಮುಂದೆ ನಿಂತ. ಹನ್ನೆರಡು ವರ್ಷದಿಂದ ಅಲ್ಲೇ ದುಡಿಯುವ ಹೆಂಗಸು.

"ಇದು ಒಣಗತೈತಿ ಅಂತ ನಿನಗ ಗೊತ್ತಿತ್ತೇನವ್ವಾ?"

ಅವಳು ಡ್ರಾಯರಿನಿಂದ ಒಂದು ಗಾಜಿನ ಪಟ್ಟಿ ತೆಗೆದಿಟ್ಟಳು. ಅದೇ ಪೇಸ್ಟ್, ಅದೇ ಸೀಳು. "ನಾಲ್ಕ ತಿಂಗಳಾತ್ರಿ ಸಾಹೇಬ್ರ. ಕಾಸಿ ನೋಡಿದ್ದೆ."

ಶಿವಯೋಗಪ್ಪನಿಗೆ ಗಂಟಲವರೆಗೆ ಸಿಟ್ಟು ಬಂತು. "ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ದೆರಿ. 'ನಿನ್ನ ಮಾರಿ ನೋಡಿದ್ರ ಸಾಕು, ಏನರ ಕೆಟ್ಟದ್ದ ಇರತೈತಿ' ಅಂದ್ರಿ. ಎಲ್ಲಾರೂ ನಕ್ರು. ಆಮ್ಯಾಲ ಎರಡ ಸಲ ಬಾಗಿಲ ತನಕಾ ಬಂದು ಹೊಳ್ಳಿ ಹೋದೆ. ತಪ್ಪು ನಂದೂ ಐತ್ರಿ."

ಶಿವಯೋಗಪ್ಪನಿಗೆ ತಾನು ಹಾಗೆ ಅಂದದ್ದು ನೆನಪೇ ಇರಲಿಲ್ಲ. ಕೇಳಿದಿರಾ? ನೆನಪೇ ಇರಲಿಲ್ಲ. ಅವಳಿಗೆ ಒಂದಕ್ಷರವೂ ಮರೆತಿರಲಿಲ್ಲ. ಅಷ್ಟು ಹೇಳಿ ಅವಳು ಗೋಡೆಯ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು. ತನ್ನನ್ನು ಕಂಡರೆ ಅವಳು ಹೆದರುತ್ತಾಳೆ ಎಂಬುದು ಅವನಿಗೆ ಅಂದೇ ಹೊಳೆದದ್ದು. ಸ್ಟೂಲು ಎಳೆದುಕೊಂಡು ಕುಳಿತ.

"ನೀನೂ ಕುಂಡ್ರು. ಮೊದಲಿಂದ ಹೇಳು. ನಾ ನಡುವ ಬಾಯಿ ಹಾಕೂದಿಲ್ಲ."

ಅವಳು ಹೇಳಿದಳು, ಅವನು ಕೇಳಿದ. ಅಂದು ಸಂಜೆಯೊಳಗೆ ಕೊಂಡವರಿಗೆಲ್ಲ ತಾನೇ ಫೋನ್ ಮಾಡಿ, "ನಮ್ಮ ಪೇಸ್ಟ್ ಕೆಟ್ಟೈತಿ, ವಾಪಸ್ ಕಳಸ್ರಿ" ಅಂದ. ಪೇಟೆಯಲ್ಲಿ ಹೆಸರು ಹೋಯಿತು, ಅರ್ಧ ಕಾರ್ಖಾನೆ ಮುಚ್ಚಿತು. ಮತ್ತೊಬ್ಬ ಮುದುಕಿಯ ಯಂತ್ರ ಮಾತ್ರ ಹಾಗೆ ನಿಲ್ಲಲಿಲ್ಲ.

ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಬಾಗಿಲ ತನಕ ಬಂದು ಹೊಳ್ಳಿಹೋದವರು ಎಷ್ಟು ಜನ? ಹೆಂಡತಿಗೆ ಎದೆನೋವು ಇರಬಹುದು. ಮಗಳು ಶಾಲೆಯಲ್ಲಿ ಏನೋ ಅನುಭವಿಸುತ್ತಿರಬಹುದು. ನಿಮಗೆ ಯಾಕೆ ಗೊತ್ತಿಲ್ಲ? ಹಿಂದೆ ಒಮ್ಮೆ ನೀವು ಏನೋ ಅಂದಿದ್ದೀರಿ, ನಿಮಗೆ ನೆನಪಿಲ್ಲ.

ಇವತ್ತು ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಟಿವಿ ಹಾಕುವ ಮೊದಲು ಒಬ್ಬರ ಎದುರು ಕುಳಿತುಕೊಳ್ಳಿ. "ಮೊನ್ನೆ ಏನೋ ಹೇಳಾಕ ಬಂದಿದ್ಯಲ್ಲ, ಏನದು?" ಅಂತ ಕೇಳಿ. ಅವರು ಮುಗಿಸುವ ತನಕ ನಿಮ್ಮ ಬಾಯಿ ತೆರೆಯಬೇಡಿ.