ಯೋಚಿಸಿ ಹಾರುವ ಬಾತುಕೋಳಿ

ಎಡಕ್ಕೆ! ಎಡಕ್ಕೆ ಹೋದ್ರಿ ಮೇಡಂ, ಭೇಷ್! ಏನಂದ್ರಿ? ಯಾಕೆ ಕೂಗ್ತೀನಿ ಅಂತಾನಾ? ಕೂಗಲಿಲ್ಲವಲ್ಲ. ನನ್ನ ದನಿಯೇ ಹಾಗೆ. ನಮ್ಮತ್ತೆ ಹೇಳ್ತಾರೆ, ಅಳಿಯ ಗುಟ್ಟು ಹೇಳಿದ್ರೆ ಪಕ್ಕದ ಬೀದಿಯವರು ತಲೆ ಆಡಿಸ್ತಾರೆ ಅಂತ.

ಹಾಂ, ಹಾರೋ ಗುಂಡಿ ಒತ್ತಿದ್ರಿ! ಹಾರಿದ್ರಿ! ಹಾರಿದ್ರಿ ಅಂದ್ನಲ್ಲಾ!... ಅಬ್ಬ, ಹಾರಿತು. ತಡವಾಯ್ತಾ? ಎಲ್ಲಿ ತಡ? ಅದು ಬಾತುಕೋಳಿಯ ಸ್ವಭಾವ ಮೇಡಂ. ಯೋಚಿಸಿ ಹಾರುತ್ತೆ. ಮನುಷ್ಯರೂ ಹಾಗೇ ಮಾಡಿದ್ರೆ ಎಷ್ಟು ಸಂಸಾರ ಉಳೀತಿತ್ತು... ನಗ್ತೀರಲ್ಲ! ನಗಿ, ನಗಿ. ಪರೀಕ್ಷೆ ಮಾಡೋಕೆ ಬಂದವರು ನಕ್ಕರೆ ಅರ್ಧ ಪಾಸಾದ ಹಾಗೆ.

ಏನೇ ಹೇಳಿ, ವಿಡಿಯೋ ಗೇಮ್ ಕನ್ಸೋಲ್ ಅಂದ್ರೆ ನಿಮ್ಮ ಕಂಪನಿಯ ಬಿಳಿ ಪೆಟ್ಟಿಗೆ. ನೋಡಿ, ಟಿವಿ ಕೆಳಗೆ ಹೇಗೆ ಕೂತಿದೆ, ಬೆಣ್ಣೆ ಮುದ್ದೆ ಹಾಗೆ! ಆ ಕರಿ ಪೆಟ್ಟಿಗೆಯವರದು ಏನಿದೆ? ಒಲೆ. ಆಟ ಆಡ್ತಾ ಅದರ ಮೇಲೆ ಬಟ್ಟೆ ಒಣಗಿಸಬಹುದು. ನಮ್ಮ ಬಾತುಕೋಳಿ ಮೊದಲು ಅದರಲ್ಲೇ ಬಂತು, ನಿಜ. ಹಣೆಬರಹ. ಆದ್ರೆ ಮೇಡಂ, ನೀವೂ ಅವರೂ ಹಾಕೋ ಷರತ್ತು ಒಂದೇ: 'ಅವರದಕ್ಕಿಂತ ನಮ್ಮದರಲ್ಲಿ ಚೆನ್ನಾಗಿ ಕಾಣಬೇಕು.' ಇಬ್ಬರು ಸೊಸೆಯರಿಗೂ 'ನಿನ್ನ ಕೈ ಅಡುಗೆಯೇ ರುಚಿ' ಅಂತ ಹೇಳಬೇಕಾದ ಮಾವನ ಪಾಡು ನಮ್ಮದು.

ಬಲಕ್ಕೆ! ಹುಲ್ಲೊಳಗೆ! ಬಗ್ಗು!... ಅಯ್ಯೋ, ನಿಮಗಲ್ಲ ಮೇಡಂ, ನೀವ್ಯಾಕೆ ಬಗ್ತೀರಿ. ಬಾತುಕೋಳಿಗೆ ಅಂದೆ.

ಆಟ ಬರೆದೋನಾ? ನನ್ನ ಭಾವಮೈದ. ನಮ್ಮ ಕಂಪನೀಲಿ ಇರೋದು ಇಬ್ಬರು. ಅವನು ಕೆಲಸ ಮಾಡ್ತಾನೆ, ನಾನು ಮಾತಾಡ್ತೀನಿ. ಇಲ್ಲ ಇಲ್ಲ, ಇವತ್ತು ಸಿಗಲ್ಲ. ಹಲ್ಲು ನೋವು, ಡಾಕ್ಟರ ಹತ್ರ ಹೋಗಿದ್ದಾನೆ. ಪಾಪ, ನಿಮ್ಮ ಪೆಟ್ಟಿಗೆಗೆ ಆಟ ಇಳಿಸೋಕೆ ಎಷ್ಟು ಒದ್ದಾಡಿದ! ನಿಮ್ಮದರಲ್ಲಿ ಜಾಗ ಕಮ್ಮಿ... ಕಮ್ಮಿ ಅಂದ್ರೆ, ಅಚ್ಚುಕಟ್ಟು! ಅದಕ್ಕೆ ಬಾತುಕೋಳಿಯ ಪುಕ್ಕ ಒಂದೊಂದೇ ಕಿತ್ತ. ಸಾಲಲಿಲ್ಲ. ಹುಲ್ಲು ಕತ್ತರಿಸಿದ. ಸಾಲಲಿಲ್ಲ. ಕೊನೆಗೆ ಕೆರೆ ನೀರೇ ತೆಗೆದ. ಬೋಳು ಬಾತುಕೋಳಿ ಬರೀ ನೆಲದ ಮೇಲೆ ಈಜ್ತಿತ್ತು ಮೇಡಂ, ನೋಡೋಕಾಗ್ತಿರಲಿಲ್ಲ. ತಲೆ? ತಲೆ ಬರ್ತಿತ್ತು, ಸಾವಕಾಶವಾಗಿ. ಮುಂಡ ಮೊದಲು ಬಂದು ತಲೆಗೋಸ್ಕರ ಕಾಯ್ತಾ ನಿಲ್ಲೋದು. ಅದನ್ನ ನೋಡಿ ನಮ್ಮತ್ತೆ ಊಟ ಬಿಟ್ರು. ಅದೆಲ್ಲ ಹಳೇ ಕತೆ ಬಿಡಿ. ಈಗ ನೋಡಿ, ಪುಕ್ಕಕ್ಕೆ ಪುಕ್ಕ, ನೀರಿಗೆ ನೀರು! ಹೇಗೆ ಸರಿಹೋಯ್ತು ಅಂದ್ರೆ... ಅದು ತಾಂತ್ರಿಕ. ಬಹಳ ತಾಂತ್ರಿಕ.

ಹಿಂದೆ ತಿರುಗಬೇಡಿ! ಅಂದ್ರೆ... ಬಾತುಕೋಳಿ ಬಿದ್ದೀತು ಅಂತ. ಸೀನಿದ್ದಾ? ಕಪಾಟು. ಹಳೇ ಕಪಾಟು ಮೇಡಂ, ಮರ ಒಣಗಿದ್ರೆ ಸೀನುತ್ತೆ.

ನಿಮ್ಮ ಹತ್ರ ಮುಚ್ಚಿಡೋದೇನು. ನೀವು ಇವತ್ತು ಪಾಸು ಮಾಡಿದ್ರೆ ಆಟ ಅಂಗಡಿಗೆ ಹೋಗುತ್ತೆ. ಮಾಡದಿದ್ರೆ ನಮ್ಮತ್ತೆ ಕಂಪನೀನ ಈ ಕೋಣೆಯಿಂದ ಎತ್ತಿ ಆಚೆ ಇಟ್ಟು, ಹೊಲಿಗೆ ಮಿಷನ್ ಹಾಕ್ತಾರೆ. ಮನೆ ಅವರದು, ಮಾತಾಡೋ ಹಾಗಿಲ್ಲ. ಮಿಷನ್ ಎಲ್ಲಿ ಬರಬೇಕು ಅಂತ ಸೀಮೆಸುಣ್ಣದ ಗೆರೆ ಎಳೆದಾಗಿದೆ. ನೋಡಿ, ನನ್ನ ಕುರ್ಚಿಯ ಎರಡು ಕಾಲು ಈಗಾಗಲೇ ಗೆರೆ ಒಳಗಿದೆ.

ನಾಯಿ ಬಂತು! ಹಾರಿದ್ರಿ! ಆಹಾ! ಈಗ ಎಡ... ಅರೆ, ನಾನು ಹೇಳೋ ಮುಂಚೇನೇ ಎಡಕ್ಕೆ ಹೋದ್ರಲ್ಲ! ಕೈ ಪಳಗಿತು ಮೇಡಂ ನಿಮ್ಮದು! ಮೊಸಳೆ ಬೆನ್ನ ಮೇಲೆ ಕಾಲಿಟ್ಟು... ಇನ್ನೊಂದರ ಮೂಗಿನ ಮೇಲೆ... ಅಬ್ಬಬ್ಬಾ! ಈ ವರಸೆ ಎಲ್ಲಿ ಕಲಿತ್ರಿ? ಇದು ಗೊತ್ತಿರೋದು ನನ್ನ ಭಾವಮೈದ ಒಬ್ಬನಿಗೇ...

ಮೇಡಂ?

ಕೈ ಯಾಕೆ ಕಟ್ಕೊಂಡಿದ್ದೀರಿ? ಮತ್ತೆ... ಕಂಟ್ರೋಲರ್... ಟೀಪಾಯಿ ಮೇಲಿದೆಯಲ್ಲ. ಯಾವಾಗ ಇಟ್ರಿ? ನಾಯಿ ಬರೋ ಮುಂಚೆನಾ, ಆಮೇಲಾ?

ಇದು ಹೊಸ ಸೌಲಭ್ಯ ಮೇಡಂ. ಆಡೋರಿಗೆ ಬೇಜಾರಾದ್ರೆ ಬಾತುಕೋಳಿ ತಾನಾಗೇ...

ಏನಂದ್ರಿ? ಟಿವಿ ತಂತಿ ಕಪಾಟಿನೊಳಗೆ ಯಾಕೆ ಹೋಗಿದೆ ಅಂತಾನಾ? ಬೈಯಿರಿ ಬೇಕಾದ್ರೆ.

ಸರಿ. ಕಪಾಟಿನಲ್ಲಿ ಕರಿ ಪೆಟ್ಟಿಗೆ ಇದೆ. ಅದರ ಪಕ್ಕ ಭಾವಮೈದ ಕೂತು, ನಾನು ಕೂಗಿದ ಹಾಗೆ ಆಡ್ತಿದ್ದಾನೆ. ಹಲ್ಲು ಗಟ್ಟಿಯಾಗೇ ಇದೆ. ಪಾಪ, ಶಾಖಕ್ಕೆ ಬೆಂದು ಹೋಗಿದ್ದಾನೆ. ಏಳಬೇಡಿ, ಬಾಗಿಲು ನಾನೇ ತೆಗೀತೀನಿ. ತೆಗೀತೀನಿ ಅಂದ್ನಲ್ಲ... ಆದ್ರೆ ದಮ್ಮಯ್ಯ, ಒಂದು ಕ್ಷಣ ತಡೀರಿ ಮೇಡಂ. ಮೊದಲು ಅವನು ಆ ಮೊಸಳೆಗಳ ಕೆರೆ ದಾಟಲಿ. ಇಲ್ಲೀವರೆಗೂ ಅದನ್ನ ಬರೆದೋನೇ ದಾಟಿಲ್ಲ.