ಪಬ್ಲಿಕ್ಕಿಗಾಗಿ ದೋಣಿಕಟ್ಟೆ

ಕೋಠಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಸುತ್ತಲಿನ ತೆಲುಗು ಮಾತಿನ ನಡುವೆ, ಪಕ್ಕದಲ್ಲೇ ಕನ್ನಡ ಕೇಳಿಸಿತು. ಗಾರೆ ಕೆಲಸದ ಇಬ್ಬರು ಹೆಂಗಸರು. ಕಿರಿಯಳು ಹಿರಿಯಳನ್ನು ಗದಿಗೆಮ್ಮಕ್ಕ ಎನ್ನುತ್ತಿದ್ದಳು. ಮಾದಾಪುರದ ಕಡೆ ಕೆರೆಯ ಹಳೇ ದೋಣಿಕಟ್ಟೆಯನ್ನು ಜನರಿಗಾಗಿ ಹೊಸದು ಮಾಡಿದ್ದರಲ್ಲ, ಅದರ ಕಲ್ಲು ಹಾಸಿದವರು ಇವರೇ.

"ಐತವಾರ ನಿಮ್ಮವ್ವಗ ಕಟ್ಟಿ ತೋರಸಾಕ ಹೋಗಿದ್ರಂತಲ್ಲ ಅಕ್ಕಾ?"

"ಹೋಗಿದ್ನೆವ್ವಾ, ಹೊಸ ಸೀರಿ ಉಟ್ಕೊಂಡು. ವಾಚ್‌ಮನ್ ಗೇಟಿನಾಗ ನಿಲ್ಲಿಸಿದ. ಇದು ಪಬ್ಲಿಕ್ಕಿಗೆ ಐತಿ ಅಂದ."

"ಮತ್ತ ನೀವು ಯಾರಂತ?"

"ಎಂಟು ತಿಂಗಳು ಅಲ್ಲೇ ಕಲ್ಲು ಹೊತ್ತಾಕಿ ಪಬ್ಲಿಕ್ ಹೆಂಗ ಆಗ್ತಾಳ? ಪಬ್ಲಿಕ್ ಅಂದ್ರ ಕೊರಳಾಗ ಕಂಪ್ನಿ ಕಾರ್ಡು ಹಾಕ್ಕೊಂಡು ಬರೋ ಮಂದಿ."

"ಪಾಪ, ಆಯಿ ಹಂಗ ವಾಪಸ್ ಬಂದ್ರೇನು?"

"ಯಾಕ ಬರ್ತಾಳ? ಗೇಟಿನ ಹೊರಗಿನ ಶೆಡ್ಡಿನಾಗ ಸಿಮೆಂಟ್ ಬುಟ್ಟಿ ಬಿದ್ದಿದ್ವು. ನನ್ನ ತಲಿ ಮ್ಯಾಲ ಒಂದು, ಅವ್ವನ ತಲಿ ಮ್ಯಾಲ ಒಂದು. ಅದ ಗೇಟು, ಅದ ವಾಚ್‌ಮನ್. ಈ ಸಲ ತಾನ ಎದ್ದು ಗೇಟು ತಗದ, ಭಾಳ ಮರ್ಯಾದಿ ನೋಡು!"

"ಆಮ್ಯಾಲ?"

"ಬುಟ್ಟಿ ಬಾಜೂಕ ಇಟ್ಟು ನೀರಿನ ಕಡೆ ಮಾರಿ ಮಾಡಿ ಕುಂತ್ವಿ. ನಾ ಹಾಸಿದ ಕಲ್ಲು ಅಂತ ಹೇಳಿದ್ರ, ಅವ್ವ ಸೆರಗಿಲೆ ಒರಸಿ ಒರಸಿ ನೋಡಿದ್ಲು."

"ಯಾರೂ ಏನೂ ಕೇಳಲಿಲ್ಲೇನು?"

"ಕಾರ್ಡಿನಾಕಿ ಒಬ್ಬಾಕಿ ಬಂದ್ಲು, ಬೆಂಗಳೂರಿನಾಕಿ. ನಮ್ಮ ಮಾತು ಕೇಳಿ, ಬುಟ್ಟಿ ನೋಡಿ, 'ಇಲ್ಲಿ ಕೆಲಸ ಇನ್ನೂ ಮುಗಿದಿಲ್ವಾ?' ಅಂದ್ಲು."

"ನೀವೇನಂದ್ರಿ?"

"ನಾ ಅಲ್ಲ. ನಮ್ಮವ್ವನ ಅಂದ್ಲು, 'ಎಲ್ಲಾ ಆಗೇತ್ರಿ. ನಾವು ಕುಂದ್ರೋದೊಂದು ಬಾಕಿ ಇತ್ತು.'"

ಬಸ್ಸು ಬಂತು. ಇಬ್ಬರೂ ನಗುತ್ತಲೇ ಹತ್ತಿಕೊಂಡರು.